ಚಿರೇಕಲ್ಲಿನ ಹಾಸಿನ ಮೇಲೆ ನೀಲಿ ಹೂವಿನ ಜಾಡು ಹಿಡಿಯೋದು ಹೇಗೆ

ಚೌತಿ ಹಬ್ಬದ ಆಚೀಚೆ ಒಂದು ವಾರ ಬಿಡುವು ಮಾಡಿಕೊಂಡು ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಯಾವುದಾದರೂ ಚಿರೇಕಲ್ಲಿನ, ಅಂದರೆ ಮನೆ ಕಟ್ಟುವ ತೂತು ತೂತು ಕಲ್ಲಿನ, ಗುಡ್ಡ ಹತ್ತಿ ನೋಡಿ. ಬೇಸಿಗೆಯಲ್ಲಿ ಬರಿಗಾಲು ಇಡಲಾಗದಷ್ಟು ಕಾಯುವ ಹಾಸುಗಲ್ಲು ಅದು. ಅದರ ಮೇಲೆ ಅಲ್ಲಲ್ಲಿ ಯಾರೋ ನೀಲಿ ಬಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರೆ ಹೂವು. ಗೇಣುದ್ದವೂ ಇಲ್ಲದ ದಾರದಂಥ ಕಡ್ಡಿ, ತುದಿಗೆ ಕಿರುಬೆರಳ ಉಗುರಿಗಿಂತ ಸಣ್ಣ ಹೂವು, ಹಿಂದೆ ಒಂದು ಕೊಕ್ಕೆ. ಎಲೆ ಎಲ್ಲಿ ಅಂತ ಹುಡುಕಿದರೆ ಸಿಗುವುದೇ ಇಲ್ಲ.

ಇದು ಯುಟ್ರಿಕುಲೇರಿಯಾ, ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಮಹಾರಾಷ್ಟ್ರದವರು ಈ ಜಾತಿಯ ಹೂವುಗಳಿಗೆ ‘ಸೀತೇಚಿ ಆಸವ’, ಅಂದರೆ ಸೀತೆಯ ಕಣ್ಣೀರು ಅಂತ ಹೆಸರಿಟ್ಟಿದ್ದಾರೆ. ಕೇರಳದವರು ‘ಕಾಕ್ಕಪ್ಪೂ’ ಅನ್ನುತ್ತಾರೆ, ಓಣಂ ಹೂವಿನ ರಂಗೋಲಿಗೆ ಹಾಕುತ್ತಾರೆ. ನಮ್ಮ ಊರಲ್ಲಿ ನಾನು ಕೇಳಿದವರೆಲ್ಲ "ಅದಾ, ಅದು ಕಲ್ಲ ಮೇಲಿಂದು" ಅಂತ ಹೇಳಿ ಮುಂದೆ ಹೋದರು. ಹೆಸರೇ ಇಲ್ಲದ ಗಿಡವನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಅಲ್ವಾ?

ಪ್ರಪಂಚದಲ್ಲಿ ಈ ಕುಲದ 240ರ ಆಸುಪಾಸು ಗಿಡಗಳಿವೆ. ನಮ್ಮ ಕರಾವಳಿಯ ಕಲ್ಲಿನ ಮೇಲೂ ಒಂದಲ್ಲ, ಹಲವಿವೆ. ಕೆಲವು ಗದ್ದೆಯಲ್ಲೂ ಸಿಗುವಂಥವು. ಇನ್ನು ಕೆಲವು ಪಶ್ಚಿಮ ಕರಾವಳಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. 1984ರಲ್ಲಿ ಪೀಟರ್ ಟೇಲರ್ ಎಂಬ ಸಸ್ಯಶಾಸ್ತ್ರಜ್ಞ ಕರ್ನಾಟಕದ ಇಂಥ ಒಂದು ಗಿಡಕ್ಕೆ ಯುಟ್ರಿಕುಲೇರಿಯಾ ಸೆಸಿಲಿಯೈ ಅಂತ ಹೆಸರಿಟ್ಟ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಫಾದರ್ ಸೆಸಿಲ್ ಸಲ್ಡಾನಾ ಅವರ ಗೌರವಕ್ಕೆ ಇಟ್ಟ ಹೆಸರದು. ದೊಡ್ಡ ಮರಕ್ಕೆ, ಆರ್ಕಿಡ್‌ಗೆ ಹೆಸರು ಇಡುವುದು ಗೊತ್ತು. ಒಂದು ಗೇಣು ಇಲ್ಲದ, ನಾಲ್ಕು ತಿಂಗಳು ಬದುಕುವ ಹುಲ್ಲಿನಂಥ ಗಿಡಕ್ಕೆ ಹೆಸರು ಸಿಕ್ಕಿದ್ದು ನನಗೆ ಖುಷಿ ಕೊಡುತ್ತದೆ.

ಈ ಬರಹ ಅಂಥ ಗಿಡವನ್ನು ಒಂದು ವರ್ಷ ಹೇಗೆ ಹಿಂಬಾಲಿಸಬೇಕು ಅಂತ ಹೇಳುವುದಕ್ಕೆ. ನಾನು ಸಸ್ಯಶಾಸ್ತ್ರ ಓದಿದವನಲ್ಲ. ಕಲ್ಲಿನ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ ಕಲಿತವನು. ಮೊದಮೊದಲು ದನ ಮೇಯಿಸುವ ಅಜ್ಜ ಒಬ್ಬರು ನನ್ನ ಅವಸ್ಥೆ ನೋಡಿ "ಎಂತಾ ಕಳದ್ ಹೋತೋ ತಮಾ?" ಅಂತ ಕೇಳಿ, ತಾವೂ ಸ್ವಲ್ಪ ಹೊತ್ತು ಚಾವಿ ಹುಡುಕಿದ್ದರು.

ಗಿಡಕ್ಕಿಂತ ಮೊದಲು ನೀರು ಹುಡುಕಿ

ಎಲ್ಲರೂ ಮಾಡುವ ತಪ್ಪು ಅಂದರೆ ಹೂವು ಹುಡುಕಿಕೊಂಡು ಗುಡ್ಡ ಸುತ್ತುವುದು. ಮೂರು ವರ್ಷ ನಾನೂ ಅದನ್ನೇ ಮಾಡಿದೆ. ಒಂದು ಭಾನುವಾರ ಒಂದು ಗುಡ್ಡ, ಮುಂದಿನ ಭಾನುವಾರ ಇನ್ನೊಂದು. ಫೋಟೊ ರಾಶಿ ಬಿತ್ತು, ಗಿಡದ ಬಗ್ಗೆ ಏನೂ ಗೊತ್ತಾಗಲಿಲ್ಲ. ಯಾಕೆಂದರೆ ಈ ಗಿಡದ ಬದುಕೆಲ್ಲ ನೀರಿನ ಲೆಕ್ಕ. ಕಲ್ಲಿನ ಮೇಲೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಿನುಗುತ್ತದೆ, ಎಷ್ಟು ದಿನ ಇರುತ್ತದೆ ಅನ್ನುವುದು ಗೊತ್ತಾದರೆ ಗಿಡ ಎಲ್ಲಿದೆ ಅಂತ ಜುಲೈನಲ್ಲೇ ಬೆರಳು ಮಾಡಿ ತೋರಿಸಬಹುದು, ಹೂವು ಬರುವ ಮೊದಲೇ.

ಆದ್ದರಿಂದ ಒಂದೇ ಹಾಸುಗಲ್ಲು ಆರಿಸಿಕೊಳ್ಳಿ. ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆಯೊಳಗೆ ಇರಲಿ, ಇಲ್ಲದಿದ್ದರೆ ಆರಿದ್ರಾ ಮಳೆಯಲ್ಲಿ ನೀವು ಹೋಗುವುದಿಲ್ಲ, ನನಗೆ ಗೊತ್ತು. ಗೋಕರ್ಣದ ಕುಡ್ಲೆ ದಂಡೆಯ ಮೇಲಿನ ಗುಡ್ಡದಂಥ ಹೆಸರಾದ ಜಾಗವೇ ಆಗಬೇಕಿಲ್ಲ. ಶಾಲೆಯ ಹಿಂದಿನ ಕಲ್ಲು, ಕ್ರಿಕೆಟ್ ಆಡುವ ಬಯಲಿನ ಅಂಚು, ಬೇಣದ ಮೇಲ್ಭಾಗ, ಯಾವುದಾದರೂ ಆಗುತ್ತದೆ. ಯಾರದೋ ಜಾಗ ಆದರೆ ಒಂದು ಮಾತು ಕೇಳಿಕೊಳ್ಳಿ. ಅರಣ್ಯ ಇಲಾಖೆಯ ಜಾಗ ಆದರೆ ಅವರ ಹತ್ತಿರ ಕೇಳದೆ ಹೋಗಬೇಡಿ.

ಚಿರೇಕಲ್ಲು ಯಾಕೆ ಬೇರೆ ಥರ ಅಂತ ಸ್ವಲ್ಪ ಹೇಳುತ್ತೇನೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದವನು, ನಮ್ಮ ಕಡೆಯೂ ಬಂದಿದ್ದ. ಮಲಬಾರಿನಲ್ಲಿ ಈ ಕಲ್ಲನ್ನು ಕೊಯ್ದು ಮನೆ ಕಟ್ಟುವುದು ನೋಡಿ 1807ರಲ್ಲಿ ‘ಲ್ಯಾಟರೈಟ್’ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅಂತ ಅರ್ಥ. ನೆಲದಡಿ ಇರುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ಮಿರ್ಜಾನ್ ಕೋಟೆ ಮುಟ್ಟಿ ನೋಡಿದವರಿಗೆ ಗೊತ್ತಿರುತ್ತದೆ, ಮೈತುಂಬ ತೂತು, ಜೇನುಗೂಡಿನ ಹಾಗೆ. ಆ ತೂತುಗಳಲ್ಲೇ ಎಲ್ಲ ಇರುವುದು. ವರ್ಷಾನುಗಟ್ಟಲೆ ಮಳೆ ತೊಳೆದು ತೊಳೆದು ಕಲ್ಲಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಿದೆ, ಗಿಡಕ್ಕೆ ಬೇಕಾದ ಸಾರಜನಕ, ರಂಜಕ ಹೆಚ್ಚುಕಡಿಮೆ ಇಲ್ಲ. ಮಣ್ಣು ಹುಳಿ. ಮಳೆಗಾಲದಲ್ಲಿ ನಮ್ಮ ಕರಾವಳಿಗೆ 3,000 ಮಿಲಿಮೀಟರ್ ಮೀರಿ ಮಳೆ, ಗಿಡ ನೀರಲ್ಲಿ ಮುಳುಗುತ್ತದೆ. ಮಾರ್ಚಿನಲ್ಲಿ ಅದೇ ಕಲ್ಲು ರೊಟ್ಟಿಯ ಕಾವಲಿ. ಇಂಥ ಜಾಗದಲ್ಲಿ ಹುಳ ಹಿಡಿದು ತಿನ್ನುವ ಗಿಡ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು!

ಚೀಲದಲ್ಲಿ ಏನಿರಬೇಕು

ಜಾಸ್ತಿ ಏನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಲೆನ್ಸ್ ಒಂದು, ಆಭರಣದವರು ಇಟ್ಟುಕೊಳ್ಳುತ್ತಾರಲ್ಲ ಅಂಥದ್ದು. 15 ಸೆಂಟಿಮೀಟರಿನ ಸ್ಟೀಲ್ ಸ್ಕೇಲು. ಪೆನ್ನು ಬೇಡ, ಪೆನ್ಸಿಲ್ ತನ್ನಿ, ಮಳೆಗೆ ಶಾಯಿ ಹರಡಿ ನನ್ನ ಒಂದಿಡೀ ಆಗಸ್ಟ್ ತಿಂಗಳ ಟಿಪ್ಪಣಿ ನೀಲಿ ಮೋಡವಾಗಿತ್ತು. ಮೊಬೈಲಿಗೆ ಜಿಪ್ ಕವರ್. ಐದಾರು ಮೀಟರ್ ಸುತಲಿ. ಮತ್ತೆ ಒಂದು ಹಿಡಿಕಡ್ಡಿ, ಅದೇ ತೆಂಗಿನ ಗರಿಯ ಕಡ್ಡಿ. ಇದೇ ಮುಖ್ಯ ಉಪಕರಣ. ಕಡ್ಡಿಯ ಬುಡದಿಂದ 1, 3, 5 ಸೆಂಟಿಮೀಟರಿಗೆ ಚಾಕುವಿನಿಂದ ಗೀರು ಹಾಕಿಟ್ಟುಕೊಳ್ಳಿ.

ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಬಂದರೆ ಸೊಂಟ ಮುರಿಯುತ್ತದೆ. ಕಲ್ಲಿನ ಮೇಲಿನ ಕಪ್ಪು ಪದರ ಇದೆಯಲ್ಲ, ಅದು ಕೊಳೆ ಅಲ್ಲ, ಜೀವ ಇರುವಂಥದ್ದು. ಸೈನೋಬ್ಯಾಕ್ಟೀರಿಯಾ. ಬೇಸಿಗೆಯಲ್ಲಿ ಸತ್ತ ಹಾಗೆ ಬಿದ್ದಿದ್ದು ಮೊದಲ ಮಳೆಗೆ ಜಾರುಬಂಡಿಯಾಗುತ್ತದೆ. ಇವುಗಳಲ್ಲಿ ಕೆಲವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಈ ಬಡ ಕಲ್ಲಿಗೆ ಸ್ವಲ್ಪ ಗೊಬ್ಬರ ಹಾಕುತ್ತವೆ. ಅದಕ್ಕೇ ದನ ನಡೆದು ಸವೆದ ದಾರಿಯಲ್ಲೇ ನಡೆಯಿರಿ. ದನಕ್ಕೆ ನಮಗಿಂತ ಚೆನ್ನಾಗಿ ಗೊತ್ತು ಎಲ್ಲಿ ಜಾರುತ್ತದೆ ಅಂತ. ಸಡಿಲ ಕಲ್ಲು ಎತ್ತಿ ನೋಡುವ ಚಟ ಬೇಡ, ಕೆಳಗೆ ಚೇಳು ಇರುತ್ತದೆ. ಇನ್ನೊಂದು, ಹಸ್ತ-ಚಿತ್ತಾ ಮಳೆಯ ಸಂಜೆ ಗುಡುಗು ಕೇಳಿದ ಕೂಡಲೇ ಇಳಿದುಬಿಡಿ. ಬಯಲು ಕಲ್ಲಿನ ಮೇಲೆ ಎತ್ತರದ ವಸ್ತು ಅಂದರೆ ನೀವೇ, ಕೈಯಲ್ಲಿ ಕೊಡೆ ಬೇರೆ.

ಮೊದಲ ಭೇಟಿ: ಕಲ್ಲಿನ ನಕ್ಷೆ

ಮೃಗಶಿರ ಮಳೆ ಹಿಡಿದು ವಾರ ಆದ ಮೇಲೆ, ಅಂದರೆ ಜೂನ್ ಮಧ್ಯ ಕಳೆದು ಹೋಗಿ. ಹೂವಿಲ್ಲ, ಏನಿಲ್ಲ. ಮಳೆ ಬೀಳುತ್ತಿರುವಾಗಲೇ ಹೋದರೆ ಒಳ್ಳೆಯದು, ನೀರು ಹರಿಯುವುದು ಕಣ್ಣಿಗೆ ಕಾಣುತ್ತದೆ. ಒಂದು ಹಾಳೆಯ ಮೇಲೆ ಕಲ್ಲಿನ ಆಕಾರ ಗೀಚಿ, ನೀರು ನಿಲ್ಲುವ ಗುಂಡಿಗಳಿಗೆ ಸುತ್ತು ಹಾಕಿ, ಹರಿಯುವ ದಿಕ್ಕಿಗೆ ಬಾಣದ ಗುರುತು ಹಾಕಿ. ಮಳೆ ನಿಂತ ಮೇಲೆ ಅರ್ಧ ಗಂಟೆ ಕಾಯಿರಿ. ಆಮೇಲೂ ಎಲ್ಲಿ ತೆಳ್ಳಗೆ ನೀರು ಜಿನುಗುತ್ತಾ ಇರುತ್ತದೋ, ಹೊಳೆಯುವ ಆ ಜಾಗಕ್ಕೆ ದೊಡ್ಡ ಗುರುತು ಹಾಕಿ. ನಮ್ಮ ನೀಲಿ ಹೂವು ಬರುವುದು ಹೆಚ್ಚಾಗಿ ಅಲ್ಲಿಯೇ.

ಈಗ ಹಿಡಿಕಡ್ಡಿ ತೆಗೆಯಿರಿ. ಮಣ್ಣು ಇರುವಲ್ಲೆಲ್ಲ ಮೆಲ್ಲಗೆ ಚುಚ್ಚಿ, ಕಲ್ಲು ತಾಗಿದ ಕೂಡಲೇ ನಿಲ್ಲಿಸಿ, ಎಷ್ಟನೇ ಗೀರಿನವರೆಗೆ ಹೋಯಿತು ನೋಡಿ ಬರೆದುಕೊಳ್ಳಿ. ನನ್ನ ಕಲ್ಲಿನಲ್ಲಿ ಕಂಡದ್ದು ಹೇಳುತ್ತೇನೆ. ಒಂದು ಸೆಂಟಿಮೀಟರಿಗಿಂತ ಕಡಿಮೆ ಇದ್ದಲ್ಲಿ ಹಾವಸೆ (ಪಾಚಿ), ಅದರ ನಡುವೆ ಯುಟ್ರಿಕುಲೇರಿಯಾ ಮಾತ್ರ. ಒಂದರಿಂದ ಮೂರರವರೆಗೆ ಯುಟ್ರಿಕುಲೇರಿಯಾ ದಟ್ಟವಾಗಿ, ಜತೆಗೆ ಕೆಂಪು ಡ್ರಾಸೆರಾ, ಎಲೆಯ ಮೇಲೆ ಅಂಟು ಹನಿ ಹೊತ್ತುಕೊಂಡು ಸೊಳ್ಳೆಗೆ ಕಾಯುತ್ತಾ. ಐದು ದಾಟಿದರೆ ಹುಲ್ಲಿನ ರಾಜ್ಯ, ಅಲ್ಲಿ ನಮ್ಮ ಗಿಡ ನೆರಳಿಗೆ ಸಿಕ್ಕಿ ಸೋಲುತ್ತದೆ. ಅಂದರೆ ಎರಡು ಬೆರಳು ಮಣ್ಣು ಜಾಸ್ತಿ ಆದರೂ ಈ ಗಿಡಕ್ಕೆ ಅದು ಬೇರೆ ದೇಶ. ಇದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸಲೀಸು.

ಗುಂಡಿಯಲ್ಲಿ ನೀರು ನಿಂತಲ್ಲಿ ಇನ್ನೊಬ್ಬ ಗೆಳೆಯ ಸಿಗುತ್ತಾನೆ, ಎರಿಯೊಕಾಲಾನ್. ಬುಡದಲ್ಲಿ ಹುಲ್ಲಿನಂಥ ಎಲೆಯ ಸುತ್ತು, ನಡುವಿನಿಂದ ಎದ್ದ ಕಡ್ಡಿಯ ತುದಿಗೆ ಅಂಗಿಯ ಗುಂಡಿಯಂಥ ಬಿಳಿ ತಲೆ. ಒಂದೇ ಹೂವು ಅನಿಸುತ್ತದೆ. ಲೆನ್ಸ್ ಇಟ್ಟು ನೋಡಿದರೆ ಗಂಡು ಹೂವು, ಹೆಣ್ಣು ಹೂವು ಎಲ್ಲ ಒತ್ತೊತ್ತಾಗಿ ಕೂತಿರುತ್ತವೆ, ಬಿಳಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಾಣುವುದು ಗಂಡು ಹೂವಿನ ಪರಾಗದ ಚೀಲಗಳು. ಮಳೆಗೆ ಕಿತ್ತು ತೇಲಿ ಬಂದ ಗಿಡ ಸಿಕ್ಕರೆ ಬೇರು ನೋಡಿ. ಬಿಳಿ ಶ್ಯಾವಿಗೆಯ ಹಾಗಿದ್ದು, ಉದ್ದಕ್ಕೂ ಅಡ್ಡಗೆರೆ. ಒಳಗೆ ಗಾಳಿ ತುಂಬಿದ ಗೂಡುಗಳು, ಕೆಸರಿನಡಿ ಉಸಿರಾಡುವುದಕ್ಕೆ. ಇದರಲ್ಲೂ ಪಶ್ಚಿಮ ಘಟ್ಟ, ಕರಾವಳಿ ಬಿಟ್ಟು ಬೇರೆಲ್ಲೂ ಇಲ್ಲದ ಜಾತಿಗಳು ಬಹಳ. ಆದರೆ ಯಾವುದು ಯಾವುದು ಅಂತ ಹೇಳಲು ಹೂವಿನ ಒಳಭಾಗ, ಬೀಜದ ಮೈಮೇಲಿನ ಗೆರೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ ತಲೆಬಿಸಿ ನಿಮಗೆ ಬೇಡ.

ಆಗಸ್ಟಿನಿಂದ ಅಕ್ಟೋಬರ್: ಎಣಿಸೋದು

ಮಘೆ ಮಳೆಯ ಹೊತ್ತಿಗೆ ನೀಲಿ ಶುರುವಾಗುತ್ತದೆ. ಈಗ ಸುತಲಿಯಿಂದ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಒಂದು ಚೌಕ ಮಾಡಿ. ಪಿವಿಸಿ ಪೈಪಿನ ತುಂಡು ಮನೆಯಲ್ಲಿ ಬಿದ್ದಿದ್ದರೆ ಚೌಕಟ್ಟು ಮಾಡಿಕೊಂಡರೆ ಇನ್ನೂ ಸುಲಭ. ಮೊಳೆ ಹೊಡೆಯಬೇಡಿ, ಪೇಂಟ್ ಬಳಿಯಬೇಡಿ. ಕಲ್ಲಿನಲ್ಲೇ ಇರುವ ಒಂದು ಬಿರುಕು, ಒಂದು ತೂತು ಗುರುತಿಟ್ಟುಕೊಂಡು ಪ್ರತಿಸಲ ಅದೇ ಜಾಗಕ್ಕೆ ಚೌಕ ಇಡಿ, ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಜಿನುಗುವ ಜಾಗದಲ್ಲಿ ಎರಡು ಚೌಕ, ಗುಂಡಿಯ ಅಂಚಿನಲ್ಲಿ ಒಂದು, ಹುಲ್ಲಿನಲ್ಲಿ ಒಂದು. ಒಟ್ಟು ನಾಲ್ಕು ಸಾಕು. ಹತ್ತು ಇಟ್ಟುಕೊಂಡವರು ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ.

ಎಣಿಸಬೇಕಾದ್ದು ಹೂವಿನ ಕಡ್ಡಿ. ಗಿಡ ಎಣಿಸಲು ಹೋಗಬೇಡಿ, ಆಗುವುದಿಲ್ಲ. ಯುಟ್ರಿಕುಲೇರಿಯಾಗೆ ನಿಜವಾದ ಬೇರೇ ಇಲ್ಲ. ಮಣ್ಣಿನೊಳಗೆ ನೂಲಿನಂಥ ಕಾಂಡ ಹಬ್ಬಿರುತ್ತದೆ, ಒಂದು ಗಿಡ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಆ ನೂಲಿಗೆ ಅಂಟಿಕೊಂಡು ಗಸಗಸೆ ಕಾಳಿನಷ್ಟು ದೊಡ್ಡ ಚೀಲಗಳಿರುತ್ತವೆ. ಈ ಗಿಡದ ಬಾಯಿ, ಹೊಟ್ಟೆ ಎಲ್ಲ ಅದೇ. ಚೀಲ ತನ್ನೊಳಗಿನ ನೀರನ್ನು ಹೊರಗೆ ಹಾಕಿ ಕೆನ್ನೆ ಒಳಗೆ ಎಳೆದುಕೊಂಡು ಕೂತಿರುತ್ತದೆ. ನೀರಿನಲ್ಲಿ ಈಜುವ ಕಣ್ಣಿಗೆ ಕಾಣದಂಥ ಜೀವಿ ಬಾಗಿಲ ಹತ್ತಿರದ ಕೂದಲು ಮುಟ್ಟಿತು ಅಂದರೆ ಬಾಗಿಲು ಒಳಗೆ ತೆರೆದು ನೀರಿನ ಸಮೇತ ಸುರ್ರಂತ ಒಳಗೆ. ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತೂ ಬೇಕಾಗುವುದಿಲ್ಲ. ನೀವು ಮೇಲೆ ಹೂವಿನ ಫೋಟೊ ತೆಗೆಯುತ್ತಿರುವಾಗ ಕೆಳಗೆ ಇಷ್ಟೆಲ್ಲ ನಡೆಯುತ್ತಿರುತ್ತದೆ.

ಚೀಲ ನೋಡಲೇಬೇಕು ಅಂತ ಆಸೆ ಇದ್ದರೆ ಜೋರು ಮಳೆಯ ಮರುದಿನ ಹೋಗಿ. ಕೊಚ್ಚಿಕೊಂಡು ಅಂಚಿಗೆ ಬಂದ ಗಿಡ ಒಂದಾದರೂ ಸಿಗುತ್ತದೆ. ಬಿಳಿ ತಟ್ಟೆಯಲ್ಲಿ ಮಳೆನೀರು ಹಾಕಿ ಅದರಲ್ಲಿ ಬಿಟ್ಟು ಲೆನ್ಸಿನಲ್ಲಿ ನೋಡಿ. ನೆಟ್ಟಗೆ ನಿಂತ ಗಿಡ ಕೀಳಬೇಡಿ. ನಾನು ಮೊದಲ ವರ್ಷ ಒಂದು ಹಿಡಿ ಮಣ್ಣಿನ ಸಮೇತ ಎತ್ತಿ ತಂದು ಐಸ್‌ಕ್ರೀಮ್ ಡಬ್ಬದಲ್ಲಿ ಇಟ್ಟು, ಒಳ್ಳೆಯದಾಗಲಿ ಅಂತ ಸ್ವಲ್ಪ ಗೊಬ್ಬರ, ದಿನಾ ಬಾವಿ ನೀರು ಕೊಟ್ಟೆ. ಹತ್ತು ದಿನಕ್ಕೆ ಕೊಳೆತು ನಾರಿತು. ಹಸಿವಿನಲ್ಲಿ ಬದುಕಲು ಕಲಿತ ಗಿಡಕ್ಕೆ ಊಟ ಬಡಿಸಿ ಸಾಯಿಸಿದೆ. ಆಯಿ ಆ ಡಬ್ಬ ನೋಡಿ "ಕಲ್ಲ ಮೇಲೆ ಚೆಂದಾಗಿತ್ತಲ್ಲೋ" ಅಂದದ್ದು ಈಗಲೂ ಚುಚ್ಚುತ್ತದೆ.

ಫೋಟೊ ತೆಗೆಯುವಾಗ ಹೂವಿನ ಮುಖ ಒಂದೇ ತೆಗೆದರೆ ಯಾರಿಗೂ ಪ್ರಯೋಜನ ಇಲ್ಲ. ಹೂವು ಎದುರಿನಿಂದ, ಪಕ್ಕದಿಂದ (ಹಿಂದಿನ ಕೊಕ್ಕೆ ಎತ್ತ ಬಾಗಿದೆ ಕಾಣಬೇಕು), ಹೂವಿನಡಿಯ ಎರಡು ಪುಟ್ಟ ಪುಷ್ಪಪತ್ರ, ಕಾಯಿ ಕಟ್ಟಿದ್ದರೆ ಅದು, ಕಡ್ಡಿಯ ಬುಡ, ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು ಸುತ್ತಲಿನ ಕಲ್ಲು. ಎಲ್ಲದರಲ್ಲೂ ಸ್ಕೇಲು ಇರಲಿ. ಇವನ್ನು ಗಿಡ, ಪ್ರಾಣಿಗಳ ಫೋಟೊ ಹಾಕುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದರೆ ಗೊತ್ತಿದ್ದವರು ಹೆಸರು ಹೇಳುತ್ತಾರೆ. ಜಾತಿಯ ಹೆಸರು ಸಿಗದಿದ್ದರೆ ‘ಯುಟ್ರಿಕುಲೇರಿಯಾ’ ಅಂತಷ್ಟೇ ಬಿಡಿ. ಊಹೆ ಮಾಡಿ ಅಪರೂಪದ ಹೆಸರು ಅಂಟಿಸುವುದು ಸುಳ್ಳು ಸಾಕ್ಷಿ ಹೇಳಿದ ಹಾಗೆ. ಅಪರೂಪದ್ದೇ ಅಂತ ಖಾತ್ರಿ ಆದರೆ ಜಾಗದ ಗುರುತನ್ನು ಮಸುಕು ಮಾಡುವ ಆಯ್ಕೆ ಇದೆ, ಅದನ್ನು ಒತ್ತಿ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಲೊಕೇಶನ್ ಹಾಕಿದರೆ ಮುಂದಿನ ಭಾನುವಾರ ಅಲ್ಲಿ ನಲವತ್ತು ಬೈಕು ನಿಂತಿರುತ್ತವೆ. ಪ್ರೀತಿಯಿಂದಲೇ ತುಳಿದು ಹಾಕುತ್ತಾರೆ.

ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ಒಮ್ಮೆ ಇಪ್ಪತ್ತು ನಿಮಿಷ ಸುಮ್ನೆ ಕೂತು ನೋಡಿ. ಯಾವ ಹೂವಿಗೆ ಯಾರು ಬಂದರು ಅಂತ ಗೀಟು ಹಾಕಿ. ಮಿಸ್ರಿ ಜೇನು, ತುಡುವೆ, ಸಣ್ಣ ನೊಣ, ಹೆಸರು ಗೊತ್ತಿಲ್ಲದಿದ್ದರೆ ‘ಕಪ್ಪು, ಅಕ್ಕಿಕಾಳಿನಷ್ಟು’ ಅಂತ ಬರೆದರೂ ಆಯಿತು. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಮಾತ್ರ ಇದು ನಡೆಯುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದೇ.

ಹುಬ್ಬಾ ಮಳೆ ಮುಗಿಯುವಾಗ ಸ್ಮಿಥಿಯಾ ಎಂಬ ಗಿಡದ ಹಳದಿ ಹೂವು ಏರುತ್ತದೆ, ಆಮೇಲೆ ಹುಲ್ಲು ಕೆಂಪಾಗುತ್ತದೆ, ನೀಲಿ ಹಿಂದೆ ಸರಿಯುತ್ತದೆ. ವಾರಕ್ಕೊಮ್ಮೆ ನಾಲ್ಕು ಚೌಕ ಎಣಿಸಿದ್ದರೆ ಈ ಬದಲಾವಣೆ ನಿಮ್ಮ ಪುಸ್ತಕದಲ್ಲಿ ಅಂಕಿಯಾಗಿ ಕೂತಿರುತ್ತದೆ.

ಇಷ್ಟೆಲ್ಲ ಯಾಕೆ ಬರೆಯಬೇಕು

ಜೋಗದ ಒಂದು ಹುಲ್ಲಿನ ಕಥೆ ಹೇಳುತ್ತೇನೆ. 1919ರಲ್ಲಿ ಸೆಡ್ಜ್‌ವಿಕ್ ಮತ್ತು ಬೆಲ್ ಎಂಬ ಇಬ್ಬರು ಜೋಗ ಜಲಪಾತದ ಹತ್ತಿರ, ತುಂತುರು ಬೀಳುವ ಕಲ್ಲಿನಿಂದ ಒಂದು ಪುಟ್ಟ ಹುಲ್ಲು ತೆಗೆದಿಟ್ಟರು. ಬೆಲ್ ಅಂದರೆ ಕಾರವಾರದಲ್ಲಿದ್ದ ಅರಣ್ಯಾಧಿಕಾರಿ ಟಿ. ಆರ್. ಬೆಲ್, ಚಿಟ್ಟೆ ಪತಂಗಗಳ ದೊಡ್ಡ ಪಂಡಿತ, ನಿವೃತ್ತಿ ಆದ ಮೇಲೂ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡವನು. ಆ ಹುಲ್ಲಿಗೆ ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್ ಅಂತ ಹೆಸರು ಸಿಗಲು ಮೂವತ್ತು ವರ್ಷ ಹಿಡಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಜೋಗದ ನೀರು ಹಳೆಯ ಹಾಗೆ ಉಳಿಯಲಿಲ್ಲ. ಆಮೇಲೆ ಹುಡುಕಿದವರಿಗೆ ಅಲ್ಲಿ ಹುಲ್ಲು ಸಿಗಲಿಲ್ಲ, ಅಳಿದೇ ಹೋಯಿತು ಅಂದುಕೊಂಡರು. ಎಷ್ಟೋ ವರ್ಷದ ನಂತರ, ಈ ಶತಮಾನದ ಶುರುವಿನಲ್ಲಿ, ಮಹಾರಾಷ್ಟ್ರದ ತಿಲಾರಿ ಕಡೆ ಒಂದು ಒದ್ದೆ ಬಂಡೆಯ ಮೇಲೆ ಮತ್ತೆ ಕಂಡಿತು. 1919ರಲ್ಲಿ ಆ ಇಬ್ಬರು ಬಗ್ಗಿ ಕಿತ್ತಿಡದಿದ್ದರೆ ಜೋಗದಲ್ಲಿ ಅಂಥದ್ದೊಂದು ಇತ್ತು ಅನ್ನುವುದೂ ನಮಗೆ ಗೊತ್ತಾಗುತ್ತಿರಲಿಲ್ಲ.

ಅಳಿವಿನ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಯಲ್ಲಿ ‘ವಲ್ನರಬಲ್’ (ಅಪಾಯಕ್ಕೆ ಈಡಾಗಬಲ್ಲದ್ದು) ಅಂತ ಬರೆಯುತ್ತಾರಲ್ಲ, ಅದಕ್ಕೂ ಇಂಥ ದಾಖಲೆಯೇ ಆಧಾರ. ಆ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇಟ್ಟ ಹಲವು ಅಳತೆಗಳಲ್ಲಿ ಒಂದು ಹೀಗಿದೆ: ಗಿಡ ನಿಜವಾಗಿ ಇರುವ ಜಾಗ 2,000 ಚದರ ಕಿಲೋಮೀಟರಿಗಿಂತ ಕಡಿಮೆ, ಹತ್ತು ಅಥವಾ ಅದಕ್ಕಿಂತ ಕಡಿಮೆ ನೆಲೆಗಳು, ಜತೆಗೆ ಆ ನೆಲೆ ಕ್ಷೀಣಿಸುತ್ತಾ ಇರಬೇಕು. 500 ಚದರ ಕಿಲೋಮೀಟರ್, ಐದು ನೆಲೆ ಅಂದರೆ ಇನ್ನೂ ಗಂಭೀರ ಸಾಲು. ಅಳೆಯುವಾಗ ನಕ್ಷೆಯ ಮೇಲೆ ಎರಡು ಕಿಲೋಮೀಟರಿನ ಚೌಕಗಳನ್ನು ಹಾಕಿ, ಗಿಡ ಸಿಕ್ಕ ಒಂದೊಂದು ಚೌಕಕ್ಕೆ ನಾಲ್ಕು ಚದರ ಕಿಲೋಮೀಟರ್ ಅಂತ ಲೆಕ್ಕ ಹಿಡಿಯುತ್ತಾರೆ. ಯಾರೂ ಹೋಗಿ ನೋಡದ ಚೌಕ ಖಾಲಿ. ನಿಮ್ಮ ಶಾಲೆಯ ಹಿಂದಿನ ಕಲ್ಲು ಅಂಥ ಒಂದು ಖಾಲಿ ಚೌಕ ಆಗಿರಬಹುದು. ಬರೀ ‘ಇದೆ’ ಅನ್ನುವುದಕ್ಕಿಂತ ‘ಮೂರು ವರ್ಷದಲ್ಲಿ ಹೂವಿನ ಕಡ್ಡಿ ಇಷ್ಟರಿಂದ ಇಷ್ಟಕ್ಕೆ ಇಳಿಯಿತು’ ಅನ್ನುವ ಮಾತಿಗೆ ತೂಕ ಜಾಸ್ತಿ.

ಕಲ್ಲಿಗೆ ಒಳ್ಳೆಯದು ಮಾಡಲು ಹೋಗಿ

ಪಹಣಿಯಲ್ಲಿ ಇಂಥ ಕಲ್ಲುನೆಲಕ್ಕೆ ‘ಖರಾಬು’ ಅಂತ ಬರೆದಿರುತ್ತಾರೆ. ಬೇಸಾಯಕ್ಕೆ ಬಾರದ್ದು ಅಂತ ಅರ್ಥ, ಕೇಳುವವರಿಗೆ ಮಾತ್ರ ಕೆಟ್ಟದ್ದು ಅಂತ ಕೇಳಿಸುತ್ತದೆ. ಹಾಗಾಗಿ ಎಲ್ಲರಿಗೂ ಅದನ್ನು ಸರಿಮಾಡುವ ಆಸೆ. ಮಣ್ಣು ತಂದು ತುಂಬುತ್ತಾರೆ. ಜೂನ್‌ನಲ್ಲಿ ಗಿಡ ನೆಡುವ ಕಾರ್ಯಕ್ರಮ ಬಂದರೆ ಮೊದಲು ನೆನಪಾಗುವುದು ಈ ಬಯಲೇ. ಕಲ್ಲು ಒಡೆದು ಗುಂಡಿ ಮಾಡಿ, ಗೊಬ್ಬರ ಹಾಕಿ, ಅಕೇಶಿಯಾನೋ ಗೇರೋ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಮರ ಬದುಕಿದರೆ ನೆರಳು, ತರಗೆಲೆ, ಮಣ್ಣು, ಹುಲ್ಲು. ನೀಲಿ ಹೂವು ಮುಗಿಯಿತು. ಹಸಿರು ಅಂದರೆ ಮರವೇ ಆಗಬೇಕು ಅನ್ನುವ ಈ ಹಟ ನನಗೆ ಅರ್ಥವಾಗುವುದಿಲ್ಲ. ನಿಮ್ಮ ಊರಲ್ಲಿ ಇಂಥದ್ದು ನಡೆಯುವಾಗ ಜಗಳ ಆಡಬೇಡಿ, ಕಲ್ಲಿನ ಬದಲು ರಸ್ತೆ ಬದಿಯ ನಾಲ್ಕು ಜಾಗ ನೀವೇ ತೋರಿಸಿ. ನನ್ನ ಅನುಭವದಲ್ಲಿ ಅದು ನಡೆಯುತ್ತದೆ, ಭಾಷಣ ನಡೆಯುವುದಿಲ್ಲ.

ಕಲ್ಲು ಕೊಯ್ಯುವವರನ್ನು ಬೈಯಲು ನನಗೆ ಬಾಯಿಲ್ಲ, ನಾನು ಕೂತು ಇದನ್ನು ಬರೆಯುತ್ತಿರುವ ಮನೆಯ ಗೋಡೆಯೂ ಚಿರೇಕಲ್ಲಿನದ್ದೇ. ಆದರೆ ಕೊಯ್ದ ಕಲ್ಲಿನ ಜಾಗಕ್ಕೆ ಮೇಲಿನ ಆ ಒಂದು ಸೆಂಟಿಮೀಟರ್ ಮಣ್ಣು ನಮ್ಮ ಕಾಲದಲ್ಲಿ ವಾಪಸ್ ಬರುವುದಿಲ್ಲ. ನಾನು ನೋಡುತ್ತಿದ್ದ ಎರಡನೇ ಕಲ್ಲು ಹಾಗೇ ಹೋಯಿತು. ಒಂದು ವರ್ಷ ಚೌಕ ಇಟ್ಟು ಎಣಿಸಿದ್ದೆ, ಮರುವರ್ಷ ಹೋದರೆ ಕೆಂಪುಮಣ್ಣು ಸುರಿದು ಸೈಟು ಮಾಡಿ ಸುಣ್ಣದ ಗೆರೆ ಎಳೆದಿದ್ದರು. ನನ್ನ ಪುಸ್ತಕದಲ್ಲಿ ಆ ಕಲ್ಲಿನ ಹೆಸರಿನಲ್ಲಿ ಹನ್ನೊಂದು ಪುಟ ಇದೆ.

ದನದ ವಿಷಯದಲ್ಲಿ ಮಾತ್ರ ನಾನು ಅಭಿಪ್ರಾಯ ಬದಲಿಸಿದ್ದೇನೆ. ಮೊದಲು ದನ ಬಂದರೆ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ನೋಡಿದೆ, ನಾಲ್ಕಾರು ದನ ಮೇಯುವ ಕಡೆ ಹುಲ್ಲು ತಗ್ಗಿ ಸಣ್ಣ ಗಿಡಗಳಿಗೆ ಬೆಳಕು ಸಿಗುತ್ತಿತ್ತು. ಹಟ್ಟಿಯ ಹತ್ತಿರದ ಗುಂಡಿಯಲ್ಲಿ ಸಗಣಿ ಸೇರಿ ನೀರು ಹಸಿರಾದ ಕಡೆ ಏನೂ ಇರಲಿಲ್ಲ. ಎಷ್ಟು ದನ, ಎಲ್ಲಿ ನಿಲ್ಲುತ್ತವೆ ಅನ್ನುವುದು ಮುಖ್ಯ. ಬೇಲಿ ಹಾಕಿಬಿಡೋಣ ಅಂತ ಓಡಬೇಡಿ.

ಇನ್ನೊಂದು ಕೆಲಸ ಕಾಗದದ್ದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ಜಾಗಗಳ ಜನತಾ ದಾಖಲಾತಿ ಇಡಬೇಕು. ನಿಮ್ಮ ಕಲ್ಲಿನ ನಕ್ಷೆ, ನಾಲ್ಕು ಚೌಕದ ಲೆಕ್ಕ, ಹತ್ತು ಫೋಟೊ, ಸರ್ವೆ ನಂಬರು, ಎಲ್ಲ ಒಂದು ಫೈಲಿನಲ್ಲಿ ಹಾಕಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮೊದಲ ಸಲ ನಾನು ಕೊಟ್ಟಾಗ "ಕಲ್ಲಿನ ಮೇಲೆ ಎಂತಾ ಇರ್ತದೆ ಮಾರಾಯ" ಅಂತ ನಕ್ಕರು. ಮುಂದಿನ ಸಲ ಅವರನ್ನೇ ಸೆಪ್ಟೆಂಬರಿನಲ್ಲಿ ಕರೆದುಕೊಂಡು ಹೋಗಿ ಲೆನ್ಸ್ ಕೈಗೆ ಕೊಟ್ಟೆ. ಡ್ರಾಸೆರಾದ ಎಲೆಯಲ್ಲಿ ಒಂದು ಸೊಳ್ಳೆ ಒದ್ದಾಡುತ್ತಿತ್ತು. ಅವರು ಹತ್ತು ನಿಮಿಷ ಏಳಲೇ ಇಲ್ಲ.

ಕೊನೆಯ ಭೇಟಿ ಮಾರ್ಚಿನಲ್ಲಿ

ಇದನ್ನು ಎಲ್ಲರೂ ತಪ್ಪಿಸುತ್ತಾರೆ. ಸ್ವಾತಿ ಮಳೆ ಮುಗಿದ ಮೇಲೆ ನೀಲಿ ಹೂವಿನ ಗಿಡ ಒಣಗಿ ಕೂದಲಾಗುತ್ತದೆ, ಕಾಯಿ ಒಡೆದು ಧೂಳಿನಂಥ ಬೀಜ ಉದುರುತ್ತದೆ. ಆಮೇಲೆ ಮುಂದಿನ ಜೂನ್‌ವರೆಗೆ ಈ ಗಿಡ ಅಂದರೆ ಆ ಬೀಜ ಮಾತ್ರ, ಬೇರೆ ಏನೂ ಉಳಿದಿಲ್ಲ. ಮಾರ್ಚ್ ಬೆಳಿಗ್ಗೆ ಎಂಟು ಗಂಟೆಯೊಳಗೆ ಹೋಗಿ, ಹತ್ತರ ಮೇಲೆ ಕಲ್ಲಿನ ಮೇಲೆ ನಿಲ್ಲಲು ಆಗುವುದಿಲ್ಲ. ಜೂನ್‌ನಲ್ಲಿ ಗುರುತು ಹಾಕಿದ ಜಿನುಗುವ ಜಾಗ ಹುಡುಕಿ. ಅಲ್ಲಿ ಒಣಗಿದ ಹಾವಸೆಯ ಹಪ್ಪಳ ಎದ್ದಿರುತ್ತದೆ, ಅದರಡಿ ಕಲ್ಲಿನ ತೂತುಗಳಲ್ಲಿ ಚಿಟಿಕೆಯಷ್ಟು ಮಣ್ಣು. ಬೀಜ ಇರುವುದು ಅಲ್ಲಿ. ಅದಕ್ಕೇ ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಟ್ರ್ಯಾಕ್ಟರ್ ಓಡಿದರೆ, ಕಸ ಸುಟ್ಟರೆ, ‘ಏನೂ ಇಲ್ಲದ’ ಜಾಗ ಅಂತ ಗುಡಿಸಿದರೆ, ಹೋಗುವುದು ಮುಂದಿನ ಚೌತಿಯ ಹೂವು.

ಬೆಂಕಿಯ ಗುರುತು, ಚಕ್ರದ ಗುರುತು, ಹೊಸ ಮಣ್ಣಿನ ರಾಶಿ ಏನಾದರೂ ಇದ್ದರೆ ಹಳೆಯ ನಕ್ಷೆಯ ಮೇಲೆ ಬೇರೆ ಬಣ್ಣದಲ್ಲಿ ಬರೆಯಿರಿ, ತಾರೀಕು ಹಾಕಿ. ಚಿಟಿಕೆ ಮಣ್ಣು ಅಂಗೈಗೆ ಹಾಕಿಕೊಂಡು ಲೆನ್ಸಿನಲ್ಲಿ ನೋಡಬಹುದು, ನೋಡಿದ ಮೇಲೆ ಅದೇ ತೂತಿಗೆ ಹಾಕಿ, ಗಾಳಿಗೆ ಹಿಡಿಯಬೇಡಿ. ಮನೆಗೆ ಬಂದು ಚೀಲ ಅಟ್ಟಕ್ಕೆ ಹಾಕುವಾಗ ಲೆನ್ಸಿಗೆ ಒಂದು ಒಣ ಬಟ್ಟೆ ಸುತ್ತಿಡಿ, ನಮ್ಮ ಕಡೆಯ ಹವೆಗೆ ಗಾಜಿನ ಮೇಲೂ ಬೂಷ್ಟು ಬರುತ್ತದೆ. ಹಿಡಿಕಡ್ಡಿ ಮಾತ್ರ ಜೂನ್‌ನಲ್ಲಿ ಹೊಸದು ಗೀರಿಕೊಳ್ಳಿ, ಹಳೆಯದನ್ನು ಅಷ್ಟರೊಳಗೆ ಮನೆಯಲ್ಲಿ ಯಾರಾದರೂ ಪೊರಕೆಗೆ ಸೇರಿಸಿರುತ್ತಾರೆ.